ಅಪ್ಪನ ಬಾವಿ, ನನ್ನ ಹಗ್ಗ

ಊರಿಗೆಲ್ಲ ವೀರನಾದವನ ಮಗನಾಗಿರುವುದು ಬಲು ತ್ರಾಸಿನ ಕೆಲಸ. ನನ್ನನ್ನು ಕೇಳಿ. ಎಪ್ಪತ್ತರ ದಶಕದ ಮಾದನಹಿಪ್ಪರಗಾದಲ್ಲಿ ಯಾರ ಬಾವಿಗೆ ಏನೇ ಬೀಳಲಿ, ಕೊಡವೋ ಕರುವೋ ಕಾಲು ಜಾರಿದ ಮನುಷ್ಯನೋ, "ಶರಣಪ್ಪಗ ಕರೀರಿ" ಎನ್ನುತ್ತಿದ್ದರು. ಆ ಶರಣಪ್ಪ ನಮ್ಮಪ್ಪ. ಸೊಂಟಕ್ಕೆ ಹಗ್ಗ ಬಿಗಿದು ಇಳಿಯುವವನು ಅವನು. ಅದರ ತುದಿಯನ್ನು ಗಿಡದ ಬೊಡ್ಡೆಗೆ ಸುತ್ತಿ ಹಿಡಿಯುವವನು ನಾನು. ಪುರಾಣದಲ್ಲೂ ಹಾಗೇ ಅಲ್ಲವೇ? ವೀರನ ಹೆಸರಿರುತ್ತದೆ, ಅವನ ಕುದುರೆಗೆ ಹುಲ್ಲು ಹಾಕಿದವನ ಹೆಸರಿರುವುದಿಲ್ಲ. ಹದಿಮೂರು ತುಂಬಿದಾಗ ನನಗೆ ಇದು ಬಹಳ ಚುಚ್ಚತೊಡಗಿತು. ಅಪ್ಪ ಎಡ ಅಂದರೆ ನಾನು ಬಲ.

ಒಂದು ಬೇಸಿಗೆಯ ಮಧ್ಯಾಹ್ನ ಖಾಸಿಂಬಿಯ ಆಡು ಹಾಳುಬಾವಿಗೆ ಬಿತ್ತು. ತಾಯಿಯಿಲ್ಲದ ಅವಳ ಮೊಮ್ಮಗ ಅದರ ಹಾಲಿನಿಂದಲೇ ಬದುಕಿದ್ದ. ನಾವು ಹೋಗುವಷ್ಟರಲ್ಲಿ ಆಡಿನ ಕೂಗು ನಿಂತುಹೋಗಿತ್ತು. ವರ್ಷಗಟ್ಟಲೆ ಎಲೆ ಕೊಳೆತ ಬಾವಿ. ಅಂಥದ್ದರಲ್ಲಿ ಕೆಟ್ಟ ಗಾಳಿ ಇರುತ್ತದೆ, ದೀಪ ಆರಿದಲ್ಲಿ ಮನುಷ್ಯನೂ ಉಳಿಯುವುದಿಲ್ಲ ಎಂದು ಸಾಲಿಯಲ್ಲಿ ಮಾಸ್ತರು ಹೇಳಿದ್ದರು.

"ಹಗ್ಗ ಹಿಡಿಯಲೇ," ಎಂದ ಅಪ್ಪ.

"ಹಿಡಿಯಂಗಿಲ್ಲ. ಮೊದಲ ಕಂದೀಲು ಇಳಸು."

ಸುತ್ತ ನಿಂತ ಜನ ನಮ್ಮಿಬ್ಬರ ಕಡೆ ತಿರುಗಿದರು.

"ಇಪ್ಪತ್ತು ವರ್ಷದಿಂದ ಬಾವಿ ಇಳ್ಯಾಕತ್ತೇನಿ. ನಿಮ್ಮ ಮಾಸ್ತರ ನನಗ ಕಲಸ್ತಾನೇನು?" ಎಂದು ಕಪಾಳಕ್ಕೆ ಬಾರಿಸಿದ. ಕಿವಿ ಗುಂಯ್ ಎಂದಿತು. ನಾನು ಹಗ್ಗದ ಸುರುಳಿಯನ್ನು ತಬ್ಬಿಕೊಂಡು ಅದರ ಮೇಲೆಯೇ ಬೋರಲು ಬಿದ್ದೆ. ಇಬ್ಬರು ಎಳೆದರೂ ಬಿಡಲಿಲ್ಲ. ಹೆದರಿಕೆಗೆ ಅಳುತ್ತಿದ್ದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಅಷ್ಟರಲ್ಲಿ ಖಾಸಿಂಬಿ ಓಡಿಹೋಗಿ ತನ್ನ ಮನೆಯ ಕಂದೀಲನ್ನೇ ಹಚ್ಚಿಕೊಂಡು ಬಂದಳು. "ಆಡು ನಂದು ಅದರಿ ಅಣ್ಣಾ. ನಾ ಹೇಳ್ತೇನಿ, ಇದನ್ನ ಮೊದಲ ಬಿಡ್ರಿ."

ಅಪ್ಪ ಹಲ್ಲು ಕಚ್ಚಿ ಕಂದೀಲು ಇಳಿಬಿಟ್ಟ. ಮೂರಾಳು ಆಳಕ್ಕೆ ಹೋಗಿ ದೀಪ ಮಂಕಾಯಿತು. ಇನ್ನೊಂದು ಮೊಳ ಇಳಿಯಿತು, ಆರಿತು. ಅಪ್ಪ ಬಾವಿಕಟ್ಟೆಯ ಮೇಲೆ ಕುಸಿದು ಕೂತ.

ಕೆಟ್ಟ ಗಾಳಿ ಹೋಗಲೆಂದು ಬೇವಿನ ಟೊಂಗೆಗಳ ಹೊರೆ ಕಟ್ಟಿ ಬಾವಿಯೊಳಗೆ ಮೇಲೆ ಕೆಳಗೆ ಆಡಿಸಿದೆವು, ಕೊಡಗಟ್ಟಲೆ ನೀರು ಸುರಿದೆವು. ಹೊತ್ತು ಇಳಿಯುವ ವೇಳೆಗೆ ಕಂದೀಲು ತಳ ಮುಟ್ಟಿಯೂ ಉರಿಯಿತು. ಆಗ ಅಪ್ಪ ಇಳಿದ, ನಾನು ಹಗ್ಗ ಹಿಡಿದೆ. ಮೇಲೆ ಬಂದದ್ದು ಸತ್ತ ಆಡು. ಖಾಸಿಂಬಿ ಅದರ ಕೊರಳು ಸವರಿ ಕಣ್ಣೊರೆಸಿಕೊಂಡಳು. ಮರುದಿನ ಅಮ್ಮ ನಮ್ಮ ಆಡನ್ನು ಅವಳ ಮನೆಗೆ ಅಟ್ಟಿದಳು.

ಬಾವಿಗೆ ಇಳಿದ ದಿನದ ಸಂಜೆಯೇ ಚಹಾದಂಗಡಿಯಲ್ಲಿ ಅಪ್ಪ ಎಲ್ಲರಿಗೂ ಹೇಳುತ್ತಿದ್ದ: "ಹಾಳುಬಾವಿ ನೋಡ್ರಿ, ಅದಕ್ಕ ಮೊದಲ ಕಂದೀಲು ಬಿಟ್ಟೆ. ಅನುಭವ ಬೇಕಾಗ್ತದ."

ಎದುರಾಡಲು ಬಾಯಿ ತೆರೆದೇಬಿಟ್ಟಿದ್ದೆ. ಆಗ ಅವನ ಕೈಯಲ್ಲಿದ್ದ ಬಸಿ ಕಾಣಿಸಿತು. ಗಡಗಡ ನಡುಗಿ ಚಹಾ ಧೋತರದ ಮೇಲೆಲ್ಲ ಚೆಲ್ಲುತ್ತಿತ್ತು. ಅಪ್ಪನಿಗೂ ಹೆದರಿಕೆಯಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಹೌದಿಲ್ಲೋ?" ಎಂದು ನನ್ನ ಕಡೆ ತಿರುಗಿದ.

"ಹೌದಪಾ," ಎಂದೆ. ಜನ್ಮದಲ್ಲಿ ಮೊದಲ ಸಲ ಅಪ್ಪನ ಮಾತಿಗೆ ಹೂಂ ಅಂದದ್ದು ಅವನು ಸುಳ್ಳು ಹೇಳಿದ ದಿನವೇ.