ಇಂಜಿನ್ ಹಿಂದಕ್ಕೆ ಹೋದ ಮೇಲೆ

ಇಪ್ಪತ್ತಾರು ವರ್ಷ ನಾನು ಓಡಿಸಿದ ಬಸ್ಸುಗಳಲ್ಲೆಲ್ಲ ಇಂಜಿನ್ ನನ್ನ ಎಡಗಡೆ, ಮೊಣಕಾಲಿಗೆ ಬಿಸಿ ತಾಗುವಷ್ಟು ಹತ್ತಿರದಲ್ಲಿತ್ತು. ಅದರ ಬಾನೆಟ್ಟಿನ ಮೇಲೆ ಗೋಣಿಚೀಲ ಹಾಸಿದರೆ ನಾಲ್ಕು ಜನ ಕೂರುತ್ತಿದ್ದರು. ಕಡೂರಿನಿಂದ ಬೀರೂರು, ತರೀಕೆರೆ, ಅಲ್ಲಿಂದ ಅಜ್ಜಂಪುರ, ಮತ್ತೆ ವಾಪಸ್ಸು. ಆ ಗದ್ದಲದಲ್ಲಿ ಎಲ್ಲರೂ ಕೂಗಿಯೇ ಮಾತಾಡಬೇಕು. ಬಾನೆಟ್ಟಿನ ಮೇಲೆ ಕೂತವರು ಮನೆಯ ಗುಟ್ಟನ್ನೂ ಕೂಗಿಕೊಂಡೇ ಹೇಳುತ್ತಿದ್ದರು. ನನ್ನ ಕಿವಿ ಮಂದವಾಗುತ್ತಿರುವುದು ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು. ಹೇಳಿದರೆ ಡ್ರೈವರ್ ಸೀಟು ಹೋಗುತ್ತದೆ, ಅದು ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ. ಬಾಯಿ ಮುಚ್ಚಿಕೊಂಡಿದ್ದೆ.

ಮಾಲೀಕರು ಹಿಂದೆ ಇಂಜಿನ್ ಇರುವ ಚಾಸಿ ತೆಗೆದುಕೊಂಡಾಗ ಬಾಡಿ ಕಟ್ಟುವ ಶೆಡ್ಡಿಗೆ ಅದನ್ನು ಓಡಿಸಿಕೊಂಡು ಹೋದವನು ನಾನೇ. ಬಾಡಿ ಇಲ್ಲದ ಚಾಸಿ ಎಂದರೆ ಮಲಗಿಸಿದ ಏಣಿ. ಎರಡು ಉದ್ದನೆಯ ಕಬ್ಬಿಣ, ಮುಂದಿನ ತುದಿಯಲ್ಲಿ ಸ್ಟೇರಿಂಗು ಮತ್ತು ನಾನು, ಹಿಂದಿನ ತುದಿಯಲ್ಲಿ ಇಂಜಿನ್. ಶೆಡ್ಡಿನಲ್ಲಿ ಅದೇ ಜಾತಿಯವು ಇನ್ನೂ ಮೂರು ನಿಂತಿದ್ದವು. ಮೇಸ್ತ್ರಿ ಒಂದೊಂದನ್ನೇ ತೋರಿಸಿದರು. ಕಬ್ಬಿಣದ ಪಟ್ಟಿ ಜೋಡಿಸಿದ ಪಟ್ಟಾ ಸ್ಪ್ರಿಂಗಿನದು ನಮ್ಮಂಥ ರೋಡುಗಳಿಗೆ, ಸ್ಪ್ರಿಂಗಿನ ಬದಲು ಗಾಳಿ ಬೆಲೂನಿನದು ಮಲಗಿಕೊಂಡು ಹೋಗುವ ದೂರದ ಗಾಡಿಗಳಿಗೆ, ನೆಲಕ್ಕೆ ತಗ್ಗಾಗಿರುವುದು ಸಿಟಿಗೆ, ಮುದುಕರು ಸಲೀಸಾಗಿ ಹತ್ತಲಿ ಅಂತ. ಉದ್ದ ಗಿಡ್ಡ ಬೇರೆ ಬೇರೆ, ಆದರೆ ಇಂಜಿನ್ ಮಾತ್ರ ಎಲ್ಲಕ್ಕೂ ಬೆನ್ನ ಹಿಂದೆಯೇ. ನಮ್ಮದು ಪಟ್ಟಾದ್ದು, ಅದರಲ್ಲೂ ಉದ್ದನೆಯದು.

ಬಾಡಿ ಕಟ್ಟಿಸಿ ರೂಟಿಗೆ ಬಿಟ್ಟಾಗ ಜನ ಖುಷಿಪಟ್ಟರು. "ಏನ್ ಸುಖ ಕಣ್ರೀ, ಸದ್ದೇ ಇಲ್ಲ" ಎಂದು ಮೆಲ್ಲಗೆ ಮಾತಾಡತೊಡಗಿದರು. ನನಗಂತೂ ಗಾಡಿ ಸತ್ತಂತೆ ಇತ್ತು. ಗೇರು ಬದಲಿಸುವ ಹೊತ್ತನ್ನು ನಾನು ಇಂಜಿನ್ನಿನ ನಡುಕದಿಂದ ತಿಳಿಯುತ್ತಿದ್ದವನು. ಈಗ ಕಾಲಿಗೂ ಏನೂ ತಿಳಿಯದು, ಕಿವಿಗೂ ಇಲ್ಲ.

ಒಂದು ವಾರಕ್ಕೆ ತರೀಕೆರೆಯ ಮೆಕ್ಯಾನಿಕ್ ಕೈ ಮುಗಿದ. "ಓಡ್ತಿರೋ ಇಂಜಿನ್‌ಗೆ ಮತ್ತೆ ಸೆಲ್ಫ್ ಹೊಡೀತೀರಲ್ಲ ಭಾಯ್, ಸ್ಟಾರ್ಟರ್ ಹಲ್ಲೆಲ್ಲ ಸವೆದೋಗ್ತವೆ."

"ಓಡ್ತೈತೋ ಇಲ್ವೋ ಅಂತ ಹಿಂದಕ್ಕೆ ಹೋಗಿ ನೋಡ್ಕೊಂಡು ಬರ್ಲೇನೋ?"

"ಮೀಟರ್ ನೋಡಿ. ಮುಳ್ಳು ಎದ್ದಿದ್ರೆ ಓಡ್ತೈತೆ ಅಂತ."

"ಮುಳ್ಳು ನೋಡ್ಕೊಂಡು ಕೂರೋಕೆ ನಾನೇನು ಗಡಿಯಾರ ರಿಪೇರಿಯವ್ನಾ? ಮೂಗ ಗಾಡಿ ತಂದು ನನ್ ತಲೆಗೆ ಕಟ್ಟವ್ರೆ!" ಎಂದು ರೇಗಿದೆ. ಬಯ್ಯಲು ಗಾಡಿ ಇತ್ತಲ್ಲ, ಅದು ಅನುಕೂಲವಾಗಿತ್ತು.

ಅಜ್ಜಂಪುರದ ಸ್ಟ್ಯಾಂಡಿನಲ್ಲಿ ಗಾಡಿ ತಿರುಗಿಸಲು ರಿವರ್ಸ್ ಹೋಗಲೇಬೇಕು. ಹದಿನಾಲ್ಕು ವರ್ಷದಿಂದ ನನ್ನ ಜೊತೆಗಿದ್ದ ಕಂಡಕ್ಟರ್ ಹಿಂದೆ ನಿಂತು "ಬರ್ಲಿ, ಬರ್ಲಿ" ಎನ್ನುತ್ತಾನೆ. "ಹೋಲ್ಡಾನ್" ಎಂದರೆ ನಾನು ನಿಲ್ಲಿಸಬೇಕು. ಆ ದಿನ ಕನ್ನಡಿಯಲ್ಲಿ ಅವನು ಕಾಣಲಿಲ್ಲ. ಎಲ್ಲ ಸರಿಯಿದೆ ಎಂದುಕೊಂಡು ಬಿಡುತ್ತಲೇ ಹೋದೆ. ಗಾಡಿ ಏನಕ್ಕೋ ಒತ್ತಿ ನಿಂತಿತು.

ಇಳಿದು ಹೋಗಿ ನೋಡಿದೆ. ಕಾಂಪೌಂಡ್ ಗೋಡೆಗೂ ಬಂಪರಿಗೂ ನಡುವೆ ಒಂದು ಈರುಳ್ಳಿ ಮೂಟೆ ಜಜ್ಜಿಹೋಗಿತ್ತು. ಅದರ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದ ಹೆಂಗಸನ್ನು ಕಂಡಕ್ಟರ್ ರಟ್ಟೆ ಹಿಡಿದು ಆಚೆ ಎಳೆದಿದ್ದ. ಆಕೆ ನೆಲದಲ್ಲಿ ಕೂತು ನಡುಗುತ್ತಿದ್ದಳು. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಲೇ, ಹೋಲ್ಡಾನ್ ಅನ್ನೋಕೆ ನಿನ್ ಬಾಯಿಗೇನಾಗಿತ್ತೋ?"

ಅವನು ಆಕೆಗೆ ನೀರು ಕುಡಿಸಿ, ಚೆಲ್ಲಿದ ಈರುಳ್ಳಿ ಆರಿಸತೊಡಗಿದ.

ಸಂಜೆ ಕಡೂರಿನಲ್ಲಿ ಮಾಲೀಕರು ಬಂದು ಬಂಪರ್ ನೋಡಿದರು. "ಉದ್ದ ಗಾಡಿ ನಿನ್ ಕೈಗೆ ಕೂರ್ತಿಲ್ಲ ಕಣಯ್ಯ. ನಾಳೆಯಿಂದ ಹಳೇದನ್ನೇ ತಗೋ" ಎಂದು ಹಳೆಯ ಬಸ್ಸಿನ ಕೀ ಕೊಟ್ಟರು. ಬದುಕಿದೆ ಎನಿಸಿತು. ಹಳೆಯ ಗಾಡಿಯಲ್ಲಿ ಇನ್ನೂ ಹತ್ತು ವರ್ಷ ಯಾರಿಗೂ ಗೊತ್ತಾಗದಂತೆ ಕಳೆಯಬಹುದಿತ್ತು. ಅದೇ ಗುಂಗಿನಲ್ಲಿ ಟೀ ಅಂಗಡಿಗೆ ಹೋದೆ.

"ನೋಡ್ದಾ? ಹಳೇ ಗಾಡೀಲಿ ಒಂದು ದಿನಾನಾದ್ರೂ ಹಿಂಗಾಗಿತ್ತಾ?" ಎಂದು ಕಂಡಕ್ಟರನಿಗೆ ಹೇಳಿದೆ.

ಅವನು ಲೋಟ ಕೆಳಗಿಟ್ಟು, ಎದ್ದು ಬಂದು ನನ್ನ ಬಲಗಿವಿಯ ಪಕ್ಕ ಕೂತ. ಯಾವ ಕಿವಿ ವಾಸಿ ಎಂಬುದು ಅವನಿಗೆ ಗೊತ್ತಿತ್ತು.

"ಹಳೇ ಗಾಡೀಲೂ ನಿಮ್ಗೆ ಕೇಳ್ತಿರ್ಲಿಲ್ಲ ಭಾಯ್. ಎರಡು ವರ್ಷ ಆಯ್ತು. ಹೋಲ್ಡಾನ್ ಅಂತ ಕೂಗ್ಬಿಟ್ಟು ಮುಂದಕ್ಕೆ ಓಡ್ಬಂದು ನಿಮ್ ಬಾಗ್ಲು ಬಡೀತಿದ್ದೆ. ಆ ಗಾಡಿ ಗಿಡ್ಡ, ಆಗ್ತಿತ್ತು. ಇವತ್ತು ಓಡಿ ನಿಮ್ ಹತ್ರ ಬರ್ಲೋ, ಆಯಮ್ಮನ್ನ ಎಳೀಲೋ ಅಂತ ಆಗೋಯ್ತು."

"ಯಾಕೋ ಹೇಳ್ಲಿಲ್ಲ?"

"ಹೆಂಗ್ ಹೇಳ್ಲಿ? ನಿಮ್ ಸೀಟು ಹೋಗ್ತಿತ್ತು."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಷ್ಟು ಇಕ್ಕಟ್ಟಿನ ಸ್ಟ್ಯಾಂಡಿನಲ್ಲಿ ಒಂದು ಗೀರೂ ಆಗದಂತೆ ರಿವರ್ಸ್ ಹೋಗುತ್ತೇನೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಬಾಗಿಲು ಬಡಿಯುವುದು ಅವನ ಚಾಳಿ ಎಂದುಕೊಂಡಿದ್ದೆ. ಐವತ್ತು ದಾಟಿದ ಅವನು ದಿನಾ ಬಸ್ಸಿನ ಉದ್ದಕ್ಕೂ ಓಡುತ್ತಿದ್ದ.

ಬೆಳಿಗ್ಗೆ ಹಳೆಯ ಬಸ್ಸು ಹೊರಡುವ ಹೊತ್ತಿಗೆ ಜನ ಹತ್ತುತ್ತಿದ್ದರು. ಮಾಲೀಕರು ಬಾಗಿಲ ಬಳಿಯೇ ನಿಂತಿದ್ದರು. ಕೀ ಅವರ ಕೈಗಿಟ್ಟು ಅವರೊಬ್ಬರಿಗೇ ತಿಳಿಯಲೆಂದು ಗುಟ್ಟಾಗಿ ಹೇಳಿದೆ: "ನನ್ಗೆ ಕಿವಿ ಕೇಳಲ್ಲ. ಎರಡು ವರ್ಷ ಆಯ್ತು."

ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.