ನಮ್ಮ ಆ್ಯಂಕರ್ ಸುಮ್ಮನೆ ಕೂತ ಸಂಜೆ

ಮೊನ್ನೆ ವಿಜಯನಗರದಲ್ಲಿ ಮದುಮಗಳೊಬ್ಬಳಿಗೆ ಮೇಕಪ್ ಮಾಡಲು ಹೋಗಿದ್ದೆ. ಪ್ಯಾನ್‌ಕೇಕ್ ಡಬ್ಬಿಯ ಮುಚ್ಚಳ ತೆಗೆದು ಒದ್ದೆ ಸ್ಪಂಜು ಒತ್ತಿದ್ದೇ ತಡ, ಆ ವಾಸನೆ ನನ್ನನ್ನು ಸೀದಾ ಕೃಷ್ಣಮೂರ್ತಿಪುರಂನ ಹಳೆಯ ಸ್ಟುಡಿಯೋಗೆ ಎಳೆದುಕೊಂಡು ಹೋಯಿತು. ಅಲ್ಲಿದ್ದ ಲೋಕಲ್ ಚಾನೆಲ್‌ನಲ್ಲಿ ನಾನು ಮೇಕಪ್ಪಿನವಳು. ದಿನಾ ಸಂಜೆ ನನ್ನ ಮುಂದೆ ಮುಖ ಒಡ್ಡಿ ಕೂರುತ್ತಿದ್ದವರು ನಮ್ಮ ಆ್ಯಂಕರ್.

ಅಬ್ಬಾ, ಏನು ಮನುಷ್ಯ! ಊರಿನ ಅರ್ಧ ಜನ ಅವರನ್ನು ಹುಲಿ ಎನ್ನುತ್ತಿದ್ದರು, ಉಳಿದರ್ಧ ಬಾಯಿಬಡುಕ ಎನ್ನುತ್ತಿದ್ದರು. ನೋಡುವುದನ್ನು ಮಾತ್ರ ಯಾರೂ ಬಿಡುತ್ತಿರಲಿಲ್ಲ. ಮೇಲೆ ಕೋಟು, ಟೈ. ಮೇಜಿನ ಕೆಳಗೆ ಪಂಚೆ, ಹವಾಯಿ ಚಪ್ಪಲಿ. ಮೇಕಪ್ ಕೋಣೆಯಲ್ಲಿ ಅತಿಥಿಗಳಿಗೆ ತಾವೇ ಕಾಫಿ ಕೊಟ್ಟು ಬೀಗರ ಹಾಗೆ ಉಪಚರಿಸುತ್ತಿದ್ದರು. ಕ್ಯಾಮೆರಾದ ಕೆಂಪು ದೀಪ ಹತ್ತಿತೋ, ಅದೇ ಅತಿಥಿಯ ಮೇಲೆ ಬೆರಳು ತೋರಿಸಿ ಗುಡುಗು! ಯಾರಿಗೂ ಒಂದು ವಾಕ್ಯ ಮುಗಿಸಲು ಬಿಟ್ಟವರಲ್ಲ. ನನಗೋ ದಿನವೂ ಮೈ ಜುಮ್ಮೆನ್ನುತ್ತಿತ್ತು. ಬೈದುಕೊಳ್ಳುತ್ತಲೇ ನೋಡುತ್ತಿದ್ದೆ.

ಒಮ್ಮೆ ಸಿದ್ಧಾರ್ಥನಗರದಲ್ಲಿ ಮೆಸ್ ನಡೆಸುತ್ತಿದ್ದ ಹೆಂಗಸೊಬ್ಬರ ಮೇಲೆ ಹರಿಹಾಯ್ದರು. ಅವರ ಊಟ ತಿಂದು ಹಾಸ್ಟೆಲ್ ಹುಡುಗರು ಆಸ್ಪತ್ರೆ ಸೇರಿದ್ದಾರೆಂದು ಯಾರೋ ಹೇಳಿದ್ದನ್ನು ನಂಬಿ, ವಿಷ ಬಡಿಸುವ ಕೈ ಎಂದು ವಾರವಿಡೀ ಕೂಗಿದರು. ಮೆಸ್ ಖಾಲಿಯಾಯಿತು. ಆಮೇಲೆ ಗೊತ್ತಾಯಿತು, ಹುಡುಗರು ಕಾಯಿಲೆ ಬಿದ್ದದ್ದು ಹಾಸ್ಟೆಲ್ಲಿನ ಟ್ಯಾಂಕ್ ನೀರಿನಿಂದ. ಆ ಸುದ್ದಿ ಮತ್ತೆ ಎತ್ತಬೇಡಿ ಎಂದರು ಚಾನೆಲ್ ಮಾಲೀಕರು. ಇವರು ಸದ್ದಿಲ್ಲದೆ ಆಕೆಯನ್ನೇ ಅತಿಥಿಯಾಗಿ ಕರೆಸಿಬಿಟ್ಟರು.

"ಕೂಗಿದ್ದು ನಾನು ಕಣಮ್ಮ, ಈಗ ಬಾಯಿ ಮುಚ್ಕೊಂಡು ಕೂರಕ್ಕಾಯ್ತದಾ?" ಎಂದರು, ನಾನು ಹಣೆಗೆ ಪೌಡರ್ ಒತ್ತುವಾಗ.

ಆಕೆ ನನ್ನ ಪೌಡರನ್ನೂ ಮುಟ್ಟಿಸಿಕೊಳ್ಳಲಿಲ್ಲ, ಇವರ ಕಾಫಿಯನ್ನೂ ಮುಟ್ಟಲಿಲ್ಲ. ಲೈವ್ ಶುರುವಾಯಿತು. ಇವರು ಕಿವಿಯ ಇಯರ್‌ಪೀಸ್ ಕಿತ್ತು ಮೇಜಿನ ಮೇಲಿಟ್ಟರು. ಅದರೊಳಗೆ ಮಾಲೀಕರು ಬೊಬ್ಬೆ ಹೊಡೆಯುತ್ತಿದ್ದದ್ದು ನನಗೇ ಕೇಳಿಸುತ್ತಿತ್ತು... ಇವರು ಆಕೆಗೆ ಎರಡೂ ಕೈ ಮುಗಿದು, "ನಾನು ಹೇಳಿದ್ದು ಸುಳ್ಳು. ತಪ್ಪಾಯಿತು ತಾಯಿ. ಈಗ ನೀವು ಮಾತಾಡಿ" ಎಂದರು.

"ಮಾತಾಡ್ದೆ ಬುಡ್ತೀನಾ? ನನ್ ಮಗಳು ಕಾಲೇಜಿಗೆ ಓಗಕ್ಕೆ ನಾಚ್ಕತಾವ್ಳೆ ಕಣ್ರೀ. ನೀವು ಕೂಗ್ಬುಟ್ಟು ಮನೆಗೋಯ್ತೀರಿ. ನಾವು ಎಲ್ಲಿಗೋಗನ?"

ಆಕೆ ಜಾಹೀರಾತಿಗೂ ಜಾಗ ಬಿಡದೆ ಬೈದರು. ಇವರು ಒಂದೇ ಒಂದು ಮಾತು ಅಡ್ಡ ಹಾಕಲಿಲ್ಲ! ಬೆವರಿಗೆ ನನ್ನ ಮೇಕಪ್ಪೆಲ್ಲ ಕರಗಿ ಕೋಟಿನ ಮೇಲೆ ಇಳಿಯುತ್ತಿತ್ತು. ಕ್ಯಾಮೆರಾ ಹಿಂದೆ ನಿಂತ ನಾನು ಕುಣಿಯುವುದೊಂದು ಬಾಕಿ.

ಮೆಸ್ಸಿಗೆ ಜನ ವಾಪಸು ಬಂದರು. ಇವರ ಕೆಲಸ ಹೋಯಿತು. ಹುಲಿ ಎಂದವರೇ ಇಲಿಯಾದ ಎಂದು ಆಡಿಕೊಂಡರು. ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ, ಬಿಡಿ. ಮತ್ತೆ ಯಾವ ಚಾನೆಲ್ಲೂ ಅವರನ್ನು ಕರೆಯಲಿಲ್ಲ...

ಕಳೆದ ತಿಂಗಳು ಅವರು ತೀರಿಕೊಂಡರು. ಆ ದಿನ ಟಿವಿಯಲ್ಲೆಲ್ಲ ಅವರ ಬೆರಳು, ಅವರ ಗುಡುಗು. ಈಗಿನ ಆ್ಯಂಕರ್‌ಗಳು ಅವರಿಂದ ಕಲಿತಿರುವುದೂ ಅಷ್ಟನ್ನೇ. ನಾನು ಸಂಜೆಯವರೆಗೆ ಟಿವಿ ಮುಂದೆ ಕಾದು ಕೂತೆ. ಕೊನೆಗೆ ತಡೆಯಲಾರದೆ ಹಳೆಯ ಚಾನೆಲ್ಲಿಗೆ ಫೋನ್ ಮಾಡಿ, ಆ ಮೆಸ್ಸಿನಮ್ಮನ ಕಾರ್ಯಕ್ರಮ ಹಾಕಿ ಎಂದೆ.

"ಅದನ್ನ ಯಾವಾಗ್ಲೋ ಅಳಿಸ್ಬುಟ್ಟಿದಾರೆ ಅಕ್ಕ," ಎಂದಳು ಅಲ್ಲಿದ್ದ ಹುಡುಗಿ. "ಅದ್ರಲ್ಲಿ ಅವ್ರು ಮಾತೇ ಆಡಿಲ್ವಂತಲ್ಲ!"

"ಹೌದು ಕಣಮ್ಮ, ಅದಕ್ಕೇ ಕೇಳಿದ್ದು" ಎಂದೆ. ಅವರಿಲ್ಲ ಎಂಬುದು ನನಗೆ ನಿಜವಾಗಿ ತಟ್ಟಿದ್ದು ಆಗಲೇ. ಫೋನ್ ಹಿಡಿದುಕೊಂಡೇ ಅತ್ತುಬಿಟ್ಟೆ.