ಬಳೆಗಾರ್ತಿ ಮತ್ತು ವಿಮಾನದ ಪೆಟ್ರೋಲ್ ಪೈಪು

ಸರ್ವರಿ ಬೇಗಂ ಎಂಬ ಸರಕನ್ನು ನಾನು ತೂಗಿದರೆ ಹೀಗೆ: ಮಾಲು ಗಟ್ಟಿ, ಪ್ಯಾಕಿಂಗ್ ಸಾಧಾರಣ, ಸದ್ದು ಜಾಸ್ತಿ. ರಾಯಚೂರಿನ ನನ್ನ ಅಂಗಡಿಯಿಂದ ಗಾಜಿನ ಬಳೆ ಒಯ್ದು ದೇವದುರ್ಗ, ಗಬ್ಬೂರು, ಮಲ್ಲಟ ಸುತ್ತಿ ಮಾರುತ್ತಾಳೆ. ಕೈ ಹಿಡಿಯುತ್ತಲೇ ಅಳತೆ ಹೇಳುತ್ತಾಳೆ. ಬಳೆ ಒಡೆದರೆ ತಪ್ಪು ನನ್ನ ಮಾಲಿನದು, ಸಲೀಸಾಗಿ ಏರಿದರೆ ಹೆಸರು ತನ್ನದು.

ಆಕೆಯ ತಮ್ಮ ಶಕೀಲ ಮಾನ್ವಿಯಲ್ಲಿ ಬೆಳೆಗೆ ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುತ್ತಾನೆ. ಕಲ್ಲೂರಿನ ನನ್ನ ಖಾಲಿ ಗೋಡೌನಿನಲ್ಲಿ ಎರಡು ವರ್ಷದಿಂದ ಇಬ್ಬರು ಕೂಡುವ ಸಣ್ಣ ವಿಮಾನ ಕಟ್ಟುತ್ತಿದ್ದಾನೆ. ಕಳೆದ ತಿಂಗಳು ರೆಕ್ಕೆ ಕೂಡಿಸಿದ ದಿನ ನಾನು, ಸರ್ವರಿ ಬೇಗಂ ಇಬ್ಬರೂ ಅಲ್ಲೇ ಇದ್ದೆವು. ಪೆಟ್ರೋಲ್ ಟ್ಯಾಂಕು ಇರುವುದು ರೆಕ್ಕೆಯಲ್ಲಿ. ಅದರ ಪೈಪಿಗೂ ವಿಮಾನದ ಒಡಲಿನ ಪೈಪಿಗೂ ನಡುವೆ ಗೇಣುದ್ದದ ರಬ್ಬರ್ ಪೈಪು ತೊಡಿಸಬೇಕು. ರೆಕ್ಕೆಗೆ ಬೋಲ್ಟು ಬಿಗಿದ ಮೇಲೆಯೇ ಆಗುವ ಕೆಲಸ. ಅದಕ್ಕೆಂದೇ ಶಕೀಲ ರೆಕ್ಕೆಯ ಅಡಿಯಲ್ಲಿ ಕೈ ತೂರಿಸಲು ದುಂಡನೆ ಕಿಂಡಿ ಬಿಟ್ಟಿದ್ದ.

ಕೈ ಹೋಗಲಿಲ್ಲ.

"ಯಾವ ಅಳತಿ ಹಿಡದು ಮಾಡಿದ್ಯೋ?" ಎಂದೆ.

"ಆಪಾನ ಬುಟ್ಟ್ಯಾಗಿನ ಬಳಿ ಇಟ್ಟು ಗೀಟು ಹಾಕಿದ್ದೆ ಸಾವ್ಕಾರ್ರ. ಭಾಳ ಚಂದ ದುಂಡಗ ಬಂತು," ಎಂದ ಅಕ್ಕನತ್ತ ನೋಡಿ.

ಸರ್ವರಿ ಬೇಗಂ ಕಿಂಡಿಯ ಅಂಚಿಗೆ ಬೆರಳಾಡಿಸಿದಳು. "ಎರಡು-ಎಂಟು ಸೈಜು, ಅಡ್ಡ ಎರಡೂವರಿ ಇಂಚು. ನಿನ್ನ ಕೈ ನೋಡ್ಕೊಂಡೀಯೇನು? ಕೋಣದ ಗೊರಸು."

ಕಿಂಡಿ ಹಿಗ್ಗಿಸಲು ತಗಡು ಕತ್ತರಿಸಿದರೆ ರೆಕ್ಕೆಯ ಬಲ ಹೋಗುತ್ತದೆ. ಮತ್ತೆ ಹೊಸ ರೆಕ್ಕೆ, ಮತ್ತೊಂದು ವರ್ಷ. ಸಣ್ಣ ಕೈಯವರು ಯಾರಾದರೂ ಹಾಕಲಿ ಎಂದೆ.

"ಮ್ಯಾಲ ಹಾರಾಂವ ನಾ. ಪೆಟ್ರೋಲ್ ಪೈಪು ನನ್ನ ಕೈಲೇ ಕೂಡಬೇಕು."

ಮಾಲು ಕೆಟ್ಟರೆ ಬೇಗ ತಿಪ್ಪೆಗೆ ಹಾಕುವವನು ನಾನು. ತಗಡಿನ ಕತ್ತರಿ ಎತ್ತಿ ಕೊಟ್ಟೆ.

"ಇಡ್ರಿ ಅದನ್ನ," ಎಂದಳು ಸರ್ವರಿ ಬೇಗಂ. "ಮದುಮಗಳ ಕೈ ದಪ್ಪ ಅಂತ ಬಳಿ ಕತ್ತರಸ್ತೀವೇನ್ರಿ?"

ಸಾಬೂನು ತರಲೇ ಎಂದರೆ ಶಕೀಲ ಬೇಡವೆಂದ, ಪೈಪಿನೊಳಗೆ ಹೋದೀತೆಂದು. ಆಕೆ ಚೀಲದಿಂದ ತೆಳ್ಳನೆ ಪ್ಲಾಸ್ಟಿಕ್ ಕವರು ತೆಗೆದು ತಮ್ಮನ ಕೈಗೆ ತೊಡಿಸಿದಳು. ಹೆಬ್ಬೆರಳಿನ ಬುಡವನ್ನು ಅಂಗೈಯೊಳಗೆ ಮಡಿಸಿ, ಗೆಣ್ಣು ಗೆಣ್ಣು ಒತ್ತಿ, ಕಿಂಡಿಗೆ ಆನಿಸಿದಳು.

"ಆಪಾ, ಎಲುಬು ಮುರೀತದ."

"ಬಿಗಿ ಹಿಡೀಬ್ಯಾಡ, ಸತ್ತ ಮೀನಿನಂಗ ಬಿಡು. ಈ ವರ್ಷ ಮಾನ್ವ್ಯಾಗ ಯಾರ್ಯಾರ ಮದಿವಿ ಆತು, ಹೇಳು."

ಅವನು ಮೂರನೆಯ ಹೆಸರು ಹೇಳುವಷ್ಟರಲ್ಲಿ ಕೈ ಮಣಿಕಟ್ಟಿನವರೆಗೆ ಒಳಗಿತ್ತು. ಆಕೆ ಕವರನ್ನು ಸುರ್ರನೆ ಹೊರಗೆಳೆದಳು.

ಮೊದಲೇ ಒಳಗೆ ತೂರಿಸಿಟ್ಟಿದ್ದ ರಬ್ಬರ್ ಪೈಪಿಗಾಗಿ ಕೈ ಒಳಗೊಳಗೇ ತಡಕಾಡಿತು.

"ಕುಂತಿತು," ಎಂದ.

ಇನ್ನೊಂದು ಕೈಯಿಂದ ರೆಕ್ಕೆಗೂ ಒಡಲಿಗೂ ನಡುವಿನ ಸಂದಿಯಲ್ಲಿ ಉದ್ದನೆ ಸ್ಕ್ರೂಡ್ರೈವರ್ ತೂರಿಸಿ ಎರಡೂ ತುದಿಯ ಕ್ಲಿಪ್ಪು ಬಿಗಿದ. ಕೈ ಹೊರಬರಲು ಸತಾಯಿಸುತ್ತಿದ್ದಾಗ, "ಇದರ ಜೋಡಿನೇ ನಿಕಾಹ್ ಮಾಡ್ಕೊಂಬಿಡೋ," ಎಂದೆ. ನಗಲು ಯಾರಿಗೂ ಪುರುಸೊತ್ತಿರಲಿಲ್ಲ.

ಕೊನೆಗೂ ಕೈ ಹೊರಬಂದ ಮೇಲೆ ಟ್ಯಾಂಕಿಗೆ ಪೆಟ್ರೋಲ್ ಹೊಯ್ದೆವು. ಕೂಡಿಸಿದ ಜಾಗದ ಕೆಳಗೆ ಕಾಗದ ಹಾಸಿ ಶಕೀಲ ನೆಲಕ್ಕೆ ಮಲಗಿದ. ನಾನೂ ಬಿಳಿ ಅಂಗಿಯಲ್ಲೇ ಪಕ್ಕಕ್ಕೆ ಮಲಗಿದೆ. ಇಂಜಿನ್ನಿನ ತುದಿಗೆ ಪೆಟ್ರೋಲ್ ಇಳಿದು ಬಂತು. ಕಾಗದದ ಮೇಲೆ ಒಂದು ಹನಿಯೂ ಇಲ್ಲ. ಶಕೀಲ ಆ ಕೆಂಪಾದ ಕೈಯಿಂದಲೇ ನನ್ನ ಬೆನ್ನಿಗೆ ಹೊಡೆದ ಏಟು ಮರುದಿನವೂ ನೋಯುತ್ತಿತ್ತು.

"ನೋಡ್ರಿ ಸಾವ್ಕಾರ್ರ," ಎಂದಳು ಸರ್ವರಿ ಬೇಗಂ, "ನಿಮ್ಮ ಎರಡು-ಎಂಟು ಮಾಲು ಜರಾ ಬಿಗಿ ಬರಾಕತ್ತದ."

ಗೋಡೌನು ಕೊಟ್ಟದ್ದಕ್ಕೆ, ಪಕ್ಕದ ಸೀಟಿನಲ್ಲಿ ಮೊದಲು ಕೂರುವವನು ನಾನೇ ಎಂದು ಶಕೀಲನಿಂದ ಮಾತು ತೆಗೆದುಕೊಂಡಿದ್ದೆ. ಆದರೆ ಕತ್ತರಿ ಎತ್ತಿ ಕೊಟ್ಟವನು ನಾನು, ರೆಕ್ಕೆ ಉಳಿಸಿದವಳು ಆಕೆ; ಹಾರಲು ಅನುಮತಿ ಸಿಕ್ಕ ದಿನ ಆ ಸೀಟನ್ನು ನಾನು ಸರ್ವರಿ ಬೇಗಂಗೆ ಬಿಟ್ಟುಕೊಡಬೇಕಿದೆ.